ನಿಯಮ ಹತ್ತೊಂಬತ್ತು: ಬಾಳೆಹಣ್ಣು ತಿನ್ನತಕ್ಕದ್ದಲ್ಲ

ಬ್ರಹ್ಮಪುರ, ಕಲಬುರಗಿ
2 ಮೇ 2025

ಕೆಂಪು ಬಾಳೆ ಶಾಸ್ತ್ರದ ಏಕೈಕ ಅಧಿಕಾರಿ, ಕಮಲಾಪುರ ನಿವಾಸಿ, ಮಹಾವಿದುಷಿ ಅಂಬಿಕಾ ಅಕ್ಕನವರ ಸನ್ನಿಧಾನಕ್ಕೆ ಒಡಹುಟ್ಟದ ತಮ್ಮನೂ ಕಿರಿಯ ಸಹಲೇಖಕನೂ ಆದ ಪ್ರಬುದ್ಧನ ದೀರ್ಘದಂಡ ನಮಸ್ಕಾರಗಳು.

ಅದಾಗಿ, "ಫೋನಿನ್ಯಾಗ ನೀ ಬರೇ ನಗಸ್ತಿ, ಕೆಲಸ ಆಗಂಗಿಲ್ಲ, ಇನ್ನ ಮುಂದ ಏನಿದ್ರೂ ಬರದು ಕಳಸು" ಎಂದು ತಾವು ಹೊರಡಿಸಿದ ಆಜ್ಞೆಯನ್ನು ತಲೆಯ ಮೇಲೆ ಹೊತ್ತು ಈ ಪತ್ರ ಬರೆಯಲಾಗಿದೆ. ತಮ್ಮ ನೀಲಕಂಠ ಕಾಕಾ ದಿನಾ ಮುಂಜಾನಿ ಬಸ್ಸಿಗೆ ಹಣ್ಣಿನ ಬುಟ್ಟಿ ತಗೊಂಡು ಇಲ್ಲಿ ರೋಜಾ ಓಣಿಯ ಅಂಗಡಿಗೆ ಬರ್ತಾರಲ್ಲ, ಸಂಜಿಕಿ ಖಾಲಿ ಬುಟ್ಟಿ ವಾಪಸ್ ಹೋಗ್ತದಲ್ಲ, ಅದೇ ಇನ್ನು ನಮ್ಮ ಅಂಚೆ ಇಲಾಖೆ. ಕಾಕಾ ಒಪ್ಯಾರ. ಪಗಾರ ಕೇಳಿಲ್ಲ.

ಈಗ ಸುದ್ದಿ. ಕೂತು ಓದು. ಧಾರವಾಡದ ‘ಹೊಲಮನೆ’ ಸಂಶೋಧನ ಪತ್ರಿಕೆಯವರು ಮಳೆಗಾಲದ ಸಂಚಿಕೆ ಪೂರಾ ಹಣ್ಣು-ಹಂಪಲಕ್ಕ ಇಟ್ಟಾರ. ಲೈಬ್ರರಿಯೊಳಗ ಈ ಪ್ರಕಟಣೆ ನೋಡಿ ನಾ ಎಷ್ಟು ಜೋರಾಗಿ ಎದ್ದೆ ಅಂದ್ರ ಕುರ್ಚಿ ಬಿತ್ತು, ಲೈಬ್ರರಿಯನ್ ನನ್ನ ಕಾರ್ಡು ಇಸಗೊಂಡ್ರು. ಲೇಖನ ಮುಟ್ಟಬೇಕಾದ ಕಡೀ ದಿನ ಮೇ ಮೂವತ್ತೊಂದು. ನಿಮ್ಮ ಮನಿ ಹಿಂದಿನ ಹಣ್ಣು ಮಾಗಿಸೋ ಖೋಲಿ ಬಗ್ಗೆ ನೀ ಎರಡು ವರ್ಷದಿಂದ ಬರೀತೀನಿ, ಬರೀತೀನಿ ಅಂತಿದ್ದೆಲ್ಲ, ಅದನ್ನ ಬರಿ. ಮೊದಲಿನ ಮೂರು ಪುಟದ ಸಿದ್ಧಾಂತ ನಂದು. ಹೆಸರು ಮೊದಲು ನಿಂದು, ಆಮ್ಯಾಲ ನಂದು.

ಹೋದ ವರ್ಷ ಪಿಎಚ್.ಡಿ. ಸಂದರ್ಶನದೊಳಗ "ಏನರೆ ಬರೆದೀರೇನಮ್ಮಾ?" ಅಂತ ಕೇಳಿದಾಗ ನೀ ಸುಮ್ಮ ಕೂತು ಎದ್ದು ಬಂದಿ. ಹೊರಗ ಬೆಂಚಿನ ಮ್ಯಾಲ ನಾ ಇದ್ದೆ. ಅವತ್ತು ನನ್ನ ಒಂದು ಮಾತಿಗೂ ನೀ ನಗಲಿಲ್ಲ. ಈ ಆಗಸ್ಟದಾಗ ಮತ್ತ ಅದೇ ಖೋಲಿಗೆ ಹೋಗೂಮುಂದ ನಿನ್ನ ಕೈಯಾಗ ನಿನ್ನ ಹೆಸರಿನ ಲೇಖನ ಇರಬೇಕು. ಇಷ್ಟೇ ಮಾತು ಈ ಪತ್ರದೊಳಗ ಚೇಷ್ಟಾ ಅಲ್ಲದ್ದು.

ಲಗತ್ತು: ಲೇಖಕರಿಗೆ ಸೂಚನೆಗಳು, ಆರು ಪುಟ. ಬಹಳ ಕಟ್ಟುನಿಟ್ಟಿನ ಮಂದಿ. ಆರನೇ ಪುಟವನ್ನು ಮುದ್ದಾಂ ಎರಡು ಸಲ ಓದತಕ್ಕದ್ದು.

ವಿಧೇಯ,
ಪ್ರಬುದ್ಧ

*

ಕಮಲಾಪುರ
5 ಮೇ 2025

ತಮ್ಮಾ ಪ್ರಬುದ್ಧಾ,

ನಿನ್ನ ಪತ್ರ ಬುಟ್ಟಿ ತಳದಾಗ ಹುಲ್ಲಿನ ಕೆಳಗಿತ್ತು. ಅಲ್ಲೇ ನಿಂತು ಎರಡು ಸಲ ಓದಿದೆ. ಖರೇನ ಬರೀಲೇನು? ಸಾಲಿಯೊಳಗ ಬ್ಯಾಸಗಿ ಸೂಟಿ ಅದ, ಹುಡುಗ್ರ ಪೇಪರ್ ತಿದ್ದೂದೂ ಮುಗದದ. ಇವತ್ತೇ ಮುಂಜಾನಿ ಚಾ ಕುಡಿದು ಕೂತವಳು ಊಟಕ್ಕ ಕರದಾಗ ಎದ್ದೀನಿ. ನಾಕು ಪುಟ ಆಗ್ಯಾವ, ಇದರ ಜೋಡಿ ಇಟ್ಟೀನಿ.

ಸೂಚನೆ ಓದಿದೆ. ಅಬ್ಬಾ, ಏನು ಮಂದಿಯೋ. ಹಾಳಿ ಒಂದೇ ಬದಿ, ಎಡಕ್ಕ ಇಷ್ಟು ಜಾಗ, ಬಲಕ್ಕ ಇಷ್ಟು ಜಾಗ, ಅಡಿಟಿಪ್ಪಣಿಯೊಳಗ ಚುಕ್ಕಿ ಎಲ್ಲಿ, ಅಲ್ಪವಿರಾಮ ಎಲ್ಲಿ. ಹದಿನೆಂಟನೇ ನಿಯಮದ ತನಕ ತಿಳೀತು. ಆರನೇ ಪುಟದಾಗಿಂದು ಓದಿ ತಲಿ ತಿರುಗಿತು. ಬರದು ತೋರಿಸ್ತೀನಿ, ನಾ ತಪ್ಪು ತಿಳಕೊಂಡೀನೇನು ಹೇಳು:

‘ನಿಯಮ 19: ಲೇಖಕರು ತಾವು ಅಧ್ಯಯನ ಮಾಡುತ್ತಿರುವ ಪದಾರ್ಥವು ಭಕ್ಷ್ಯವಾಗಿದ್ದಲ್ಲಿ, ಲೇಖನ ಸಲ್ಲಿಕೆಯಾಗುವವರೆಗೆ ಅದನ್ನು ತಿನ್ನತಕ್ಕದ್ದಲ್ಲ. ತಿಂದಲ್ಲಿ ಪಕ್ಷಪಾತ ಉಂಟಾಗುವುದು.

ನಿಯಮ 20: ಲೇಖನವನ್ನು ಮನೆಯ ಹಿರಿಯರೊಬ್ಬರ ಮುಂದೆ ಗಟ್ಟಿಯಾಗಿ ಓದತಕ್ಕದ್ದು. ಹಿರಿಯರು ಆಕಳಿಸಿದ ಸ್ಥಳಗಳನ್ನು ಪೆನ್ಸಿಲ್ಲಿನಲ್ಲಿ ಗುರುತಿಸತಕ್ಕದ್ದು.’

ಇಪ್ಪತ್ತನೇದು ಒಪ್ಪಬಹುದು. ನಮ್ಮ ಆಯಿ, ಅಪ್ಪನ ಅವ್ವ ಅಂಬಮ್ಮ, ಇದ್ದಾಳ. ಖೋಲಿ ಅಕೀದೇ. ಆದ್ರ ಹತ್ತೊಂಬತ್ತನೇದು ಕಮಲಾಪುರದಾಗ ಹ್ಯಾಂಗ ನಡೀಬೇಕು? ಕಣ್ಣು ತೆಗೆದ್ರ ಬಾಳಿಹಣ್ಣು. ಮನಿಗೆ ಬಂದವರಿಗೆ ನೀರಿಗಿಂತ ಮೊದಲು ಬಾಳಿಹಣ್ಣು.

ಇನ್ನೊಂದು. ಖೋಲಿ ಕಟ್ಟುಪಾಡು ನಿನಗ ಗೊತ್ತೇ ಅದ. ಗೊನಿ ಒಳಗ ಇಟ್ಟು, ಹುಲ್ಲು ಹೊಚ್ಚಿ, ಹೊಗಿ ಕೊಟ್ಟು, ಬಾಗಿಲಿನ ಸಂದಿಗೆ ಮಣ್ಣು ಮೆತ್ತಿ ಯಾರು ಮುಚ್ಚತಾರೋ ಅವರೇ ತೆಗೀಬೇಕು. ಬ್ಯಾರೆ ಯಾರೂ ಬಾಗಿಲಿಗೆ ಕೈ ಹಚ್ಚಂಗಿಲ್ಲ. ಇದನ್ನ ನಿನ್ನ ಸಿದ್ಧಾಂತದ ಭಾಗದಾಗ ‘ನಂಬಿಕೆ’ ಅಂತ ಬರೀತೀನಿ ಅಂದಿದ್ದೆಲ್ಲ, ಹಂಗೇ ಇರಲಿ. ಊರಿಗೆಲ್ಲ ಗೊತ್ತಿರೋ ಮಾತು, ಅದರ ಬಗ್ಗೆ ಉದ್ದ ಬರೀಲಾಕ ಏನದ.

ನಿನ್ನ ಅಕ್ಕ,
ಅಂಬಿಕಾ

*

ಬ್ರಹ್ಮಪುರ
9 ಮೇ 2025

ಪೂಜ್ಯ ಪ್ರಥಮ ಲೇಖಕಿಯವರಿಗೆ,

ನಾಕು ಪುಟ ಓದಿದೆ. ಬುಟ್ಟಿ ಇನ್ನೂ ಕಾಕಾನ ಕೈಯಾಗ ಇದ್ದಾಗಲೇ ಇಸಗೊಂಡು ದರ್ಗಾ ರಸ್ತೆಯೊಳಗ ನಿಂತೇ ಓದಿದೆ. ಜಿಯಾರತಿಗೆ ಬಂದ ಮಂದಿ ನನ್ನ ಸುತ್ತ ಹಾಯ್ದು ಹೋದ್ರು. ಒಬ್ಬ ಮುದುಕ "ಬೇಟಾ, ರಿಜಲ್ಟಾ?" ಅಂತ ಕೇಳಿದ. ಹೂಂ ಅಂದೆ. ಪಾಸಾಗಲಿ ಅಂತ ದುವಾ ಮಾಡಿದ. ಇನ್ನ ನಮ್ಮನ್ನ ನಾಪಾಸ ಮಾಡೂದು ಧಾರವಾಡದವರ ಕೈಯಾಗೂ ಇಲ್ಲ.

ನಿಯಮ ಹತ್ತೊಂಬತ್ತರ ಕುರಿತು ತಾವು ಎತ್ತಿದ ಆಕ್ಷೇಪವನ್ನು ನನ್ನ ಏಕಸದಸ್ಯ ಸಮಿತಿ ಪರಿಶೀಲಿಸಿದೆ. ವಿನಾಯಿತಿ ಇಲ್ಲ. ಇಟ್ಟಂಗಿ ಬಗ್ಗೆ ಬರೆಯುವವರಿಗೆ ಈ ಕಷ್ಟ ಇಲ್ಲವೆಂಬುದನ್ನು ಸಮಿತಿ ಬಲ್ಲದು. ನಾನೂ ಪಾಲಿಸಲಾಕತ್ತೀನಿ. ನಿನ್ನೆ ಕಪನೂರಕ್ಕ ಮನಿಗೆ ಹೋಗಿದ್ದೆ. ಅಪ್ಪ ಕಾರಖಾನಿಯಿಂದ ಬರೂಮುಂದ ಬಾಳಿಹಣ್ಣು ತಂದಿದ್ದ. ಮುಖ ತಿರುವಿದೆ. ಜ್ವರ ಬಂದಾವೇನು ಅಂತ ಹಣಿ ಮುಟ್ಟಿ ನೋಡಿದ.

ನನ್ನ ಸಿದ್ಧಾಂತದ ಮೂರು ಪುಟ ಇದರ ಜೋಡಿ ಅವ. ಬರಿ, ಬರಿ. ದಿನಾ ಬುಟ್ಟಿ ಕಾಯ್ಲಾಕತ್ತೀನಿ.

ಪ್ರಬುದ್ಧ

*

ಕಮಲಾಪುರ
19 ಮೇ 2025

ಪ್ರಬುದ್ಧಾ,

ಮುಗೀತು. ಹದಿನಾಲ್ಕು ಪುಟ. ಮುಗಿಸಿದ ಮ್ಯಾಲ ಅಂಗಳದಾಗ ಸುಮ್ಮ ಸುಮ್ಮನ ಎರಡು ಸುತ್ತು ಹಾಕಿ ಬಂದೆ.

ನಿಯಮದ ಕಥಿ ಕೇಳು. ಬುಧವಾರ ನಮ್ಮ ಸೋದರತ್ತಿ ಬಂಡೆಮ್ಮನ ಮೊಮ್ಮಗಳಿಗೆ ಹೆಸರಿಡೋ ಕಾರ್ಯ. ತೊಟ್ಟಿಲ ಮುಂದ ಎಲ್ಲರಿಗೂ ಒಂದೊಂದು ಕೆಂಪು ಬಾಳಿಹಣ್ಣು ಕೊಟ್ರು. ನಾ ಒಲ್ಲೆ ಅಂದೆ. ಅತ್ತಿ ಮತ್ತ ಕೊಟ್ಟಳು. ಮತ್ತ ಒಲ್ಲೆ ಅಂದೆ. ಹೆಂಗಸರೆಲ್ಲ ನನ್ನ ಮುಖ ನೋಡಿದ್ರು. "ಯಾಕವಾ, ನಮ್ಮನಿ ಹಣ್ಣು ಹುಳತದೇನು?" ಅಂದಳು ಅತ್ತಿ. ಧಾರವಾಡದ ನಿಯಮ ಅತ್ತಿ, ಪಕ್ಷಪಾತ ಆಗ್ತದ ಅಂದೆ. ಅಕಿ ಪಕ್ಷ ಅಂದ್ರ ಪಾರ್ಟಿ ಅಂತ ತಿಳಕೊಂಡಿರಬೇಕು, ಇಲೆಕ್ಷನ್ ನಿಂದರ್ತಾಳಂತ ಅಂತ ಸುದ್ದಿ ಊರ ತುಂಬ ಆಗ್ಯದ. ಅತ್ತಿ ಮಾತು ಬಿಟ್ಟಾಳ.

ಆಯಿ ಮುಂದ ಓದೀನಿ. ನನ್ನ ಭಾಗದಾಗ ಅಕಿ ಎಲ್ಲೂ ಆಕಳಿಸಲಿಲ್ಲ, ಎರಡು ಕಡೆ "ಸುಳ್ಳು" ಅಂದಳು, ತಿದ್ದೀನಿ. ನಿನ್ನ ಸಿದ್ಧಾಂತದ ಮೊದಲನೇ ಪುಟಕ್ಕ ನಾಕು ಸಲ ಆಕಳಿಸಿದಳು. ಎರಡನೇ ಪುಟದಾಗ ಪೆನ್ಸಿಲ್ ಎತ್ತೂ ಮೊದಲು ಮಲಕೊಂಡಳು. "ಆ ನಗೂ ಹುಡುಗ ಹಿಂಗ್ಯಾಕ ಬರೀತಾನ, ಯಾರರ ಬೈದಾರೇನು ಅವಗ?" ಅಂತ ಕೇಳ್ಯಾಳ. ಆ ಮೂರು ಪುಟ ಒಂದು ಮಾಡೀನಿ. ಸಿಟ್ಟಾಗಬ್ಯಾಡ, ಚಂದ ಆಗ್ಯದ.

ನಿಯಮದ ಪ್ರಕಾರ ಇನ್ನೂ ಅಲ್ಲಲ್ಲಿ ಸ್ವಲ್ಪ ತೆಗದೀನಿ. ಶುದ್ಧ ಪ್ರತಿ ಲಕೋಟಿಯೊಳಗ ಅಂಟಿಸಿ ಇಟ್ಟೀನಿ. ನೀ ಇನ್ನ ತೆಗದು ಅದರ ಮ್ಯಾಲ ಚಿತ್ರ ಗಿತ್ರ ಬರೀಬ್ಯಾಡ. ಹಂಗೇ ರಜಿಸ್ಟರ್ ಮಾಡಿಬಿಡು.

ರಸೀತಿ ಕಳಸು, ನನಗ ನೋಡಬೇಕಾಗ್ಯದ.

ಅಂಬಿಕಾ

*

ಬ್ರಹ್ಮಪುರ
22 ಮೇ 2025

ಇತಿಹಾಸ ಪುರುಷೆಯಾದ (ಪುರುಷೆ ಎಂಬ ಮಾತು ಇಲ್ಲದಿದ್ದರೆ ಇಂದಿನಿಂದ ಇದೆ) ಅಂಬಿಕಾ ಅಕ್ಕನವರಿಗೆ,

ಇಂದು ಮುಂಜಾನಿ ದೊಡ್ಡ ಪೋಸ್ಟಾಫೀಸಿನಲ್ಲಿ, ತೂಕದ ಯಂತ್ರದ ಮೇಲೆ, ಅನೇಕ ಪಾಸ್‌ಬುಕ್ಕುದಾರರ ಸಮ್ಮುಖದಲ್ಲಿ, ತಮ್ಮ ಲೇಖನವು ಧಾರವಾಡದತ್ತ ಪ್ರಯಾಣ ಬೆಳೆಸಿತು. ಲಕೋಟಿ ತೆಗೀಲಿಲ್ಲ. ಕೌಂಟರಿನ ಮುನೀರಾ ಬಾಯಿ ಅವರು "ಕ್ಯಾ ಹೈ ಇದರಾಗ?" ಅಂದ್ರು. ಬಾಳಿಹಣ್ಣು ಅಂದೆ. ಕೊಳೀತದ, ತಗೊಳ್ಳಂಗಿಲ್ಲ ಅಂದ್ರು. ಇದು ಕೊಳೆಯೂದಿಲ್ಲರೀ ಅಂತ ಮೂರು ಮಂದಿ ಎದುರಿಗೆ ಹೇಳಿದೆ. ಹೇಳಿ ನನಗೇ ಖುಷಿ ಆಯಿತು. ರಸೀತಿ ಇದರೊಳಗದ, ಗೋಡಿಗೆ ಹಚ್ಚು.

ಈಗ ಶುಭ ಸಮಯದಲ್ಲಿ ಒಂದು ಅರಿಕೆ. ‘ಹೊಲಮನೆ’ಯ ಸೂಚನೆಗಳು ಐದೇ ಪುಟ. ನಿಯಮಗಳು ಹದಿನೆಂಟೇ. ಆರನೇ ಪುಟದ ಲೇಖಕ, ಮುದ್ರಕ, ಪ್ರಕಾಶಕ ಎಲ್ಲ ನಾನೇ. ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಅದೇ ಅಕ್ಷರದಲ್ಲಿ ಟೈಪ್ ಮಾಡಿಸಿದೆ. ಟೈಪ್ ಮಾಡಿದವನು ಹತ್ತೊಂಬತ್ತನೇ ನಿಯಮಕ್ಕ ಬಂದು ಎರಡು ಸಲ ನನ್ನ ಮುಖ ನೋಡಿದ.

ಸಲ್ಲಿಕೆಯಾಯಿತು. ಯಾರಿಗೂ ನಷ್ಟ ಇಲ್ಲ. ಪಕ್ಷಪಾತ ಮಾಡತಕ್ಕದ್ದು. ಅತ್ತಿ ಮನಿಗೆ ಹೋಗಿ ಎರಡು ಹಣ್ಣು ತಿಂದು ಬಾ.

ನಗುತ್ತಿರುವ,
ಪ್ರಬುದ್ಧ

*

ಕಮಲಾಪುರ
24 ಮೇ 2025

ರಸೀತಿ ಮುಟ್ಟಿತು.

ಅಂಬಿಕಾ

*

ಬ್ರಹ್ಮಪುರ
2 ಜೂನ್ 2025

ಅಕ್ಕನವರ ನ್ಯಾಯಾಲಯಕ್ಕೆ ಆರೋಪಿಯ ಮನವಿ.

ಎರಡೇ ಶಬ್ದದ ಪತ್ರ ಬಂದದ. ಬುಟ್ಟಿಯೊಳಗ ನನಗಂತ ದಿನಾ ಇಡುತ್ತಿದ್ದ ಹಣ್ಣೂ ನಿಂತಾವ. ಕಾಕಾನ್ನ ಕೇಳಿದ್ರ "ನನಗೇನು ಗೊತ್ತಪಾ, ಮನ್ಯಾಗ ಅಕಿ ನಿನ್ನ ಹೆಸರು ತೆಗೆದ್ರ ಪಾತ್ರಿ ಸಪ್ಪಳ ಮಾಡ್ತಾಳ" ಅಂದ್ರು. ಇದರಿಂದ ನಾನು ತಿಳಿದದ್ದು: ಬಂಡೆಮ್ಮ ಅತ್ತಿಯವರ ಮುಂದೆ ಆದ ಅವಮಾನ ದೊಡ್ಡದು. ಆದ್ದರಿಂದ ನಾನೇ ಖುದ್ದು ಬಂದು ಅತ್ತಿಯವರ ತೊಟ್ಟಿಲ ಮುಂದೆ ನಿಂತು ಹನ್ನೆರಡು ಬಾಳಿಹಣ್ಣು ತಿನ್ನಲು ಸಿದ್ಧನಿದ್ದೇನೆ. ದಿನಾಂಕ ತಿಳಿಸುವುದು.

ಪ್ರಬುದ್ಧ

*

ಬ್ರಹ್ಮಪುರ
13 ಜೂನ್ 2025

ಅಕ್ಕಾ,

ತೊಟ್ಟಿಲ ಮಾತಿಗೂ ಉತ್ತರ ಇಲ್ಲ. ಫೋನು ಮಾಡಿದ್ರ ಎತ್ತಂಗಿಲ್ಲ. ಬಾಳಿಹಣ್ಣಿಗಿಂತ ಹೆಚ್ಚಿಂದು ಏನರ ಆಗ್ಯದೇನು? ಆಗಿದ್ರ ಹೇಳು. ಬೈಯೂದಿದ್ರ ಬೈ.

ಪ್ರಬುದ್ಧ

*

‘ಹೊಲಮನೆ’ ತ್ರೈಮಾಸಿಕ
ಧಾರವಾಡ
23 ಜೂನ್ 2025

ಶ್ರೀಮತಿ ಅಂಬಿಕಾ ಅವರಿಗೆ, ನಮಸ್ಕಾರ.

‘ಕಮಲಾಪುರದ ಕೆಂಪು ಬಾಳೆ: ಹಣ್ಣು ಮಾಗಿಸುವ ಕೋಣೆ ಮತ್ತು ಅದರ ಕಟ್ಟುಪಾಡು’ ಎಂಬ ತಮ್ಮ ಲೇಖನವನ್ನು ಇಬ್ಬರು ತಜ್ಞರು ಓದಿದ್ದಾರೆ. ಪ್ರಕಟಣೆಯ ಕುರಿತು ನಿರ್ಧರಿಸುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬೇಕಾಗಿದೆ.

ಮುಚ್ಚಿದವರೇ ಬಾಗಿಲು ತೆಗೆಯಬೇಕೆಂಬ ಕಟ್ಟುಪಾಡನ್ನು ‘ನಂಬಿಕೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ನಂಬಿಕೆ ಮಾತ್ರವೇ? ಮುಚ್ಚಿದವರು ಕಾಯಿಲೆ ಬಿದ್ದರೆ ಬಾಗಿಲು ಯಾರು ತೆಗೆಯುತ್ತಾರೆ? ಕೊನೆಯದಾಗಿ, ಇಡೀ ಲೇಖನದಲ್ಲಿ ಹಣ್ಣಿನ ರುಚಿಯ ಬಗ್ಗೆ ಒಂದು ಮಾತೂ ಇಲ್ಲ. ಲೇಖಕರು ಆ ಹಣ್ಣನ್ನು ತಿಂದಿದ್ದಾರೆಯೇ?

ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ. ಬೇಗ ಉತ್ತರಿಸಬೇಕಾಗಿ ಕೋರಿಕೆ.

ಇಕ್ಬಾಲ್ ಬೇಗಂ
ಸಂಪಾದಕಿ

*

ಕಮಲಾಪುರ
26 ಜೂನ್ 2025

ಸಂಪಾದಕಿ ಶ್ರೀಮತಿ ಇಕ್ಬಾಲ್ ಬೇಗಂ ಉರ್ಫ್ ಪ್ರಬುದ್ಧ, ಮುಕ್ಕಾಂ ಬ್ರಹ್ಮಪುರ, ಅವರ ಪಾದಾರವಿಂದಗಳಿಗೆ,

ತಮ್ಮ ಪತ್ರ ತಲುಪಿ ಮನೆಮಂದಿಯೆಲ್ಲ ಧನ್ಯರಾದೆವು. ಈ ಸಲ ಧಾರವಾಡದ ಸಿಕ್ಕಾ ಬೀಳೂ ಹಂಗ ಮಾಡಿದಿ, ಶಾಣ್ಯಾ. ನಿನ್ನ ದೋಸ್ತ ಮಲ್ಲು ಅಲ್ಲೇ ಓದ್ತಾನಲ್ಲ, ಲಕೋಟಿ ಮ್ಯಾಲಿನ ವಿಳಾಸ ಅವಂದೇ ಇರಬೇಕು. ಸ್ಟಾಂಪು ನಿನ್ನ ರೊಕ್ಕದ್ದು, ಹಂಗೇ ಯಾಕ ಬಿಡಲಿ.

‘ಲೇಖಕರು ಆ ಹಣ್ಣನ್ನು ತಿಂದಿದ್ದಾರೆಯೇ.’ ಪ್ರಬುದ್ಧಾ, ಕೇಳಲಾಕ ನಿನಗ ನಾಚಿಕಿ ಬರಲಿಲ್ಲೇನು? ರುಚಿ ಬಗ್ಗೆ ಒಂದೂವರಿ ಪುಟ ಬರದಿದ್ದೆ. ಇಡೀ ಲೇಖನದಾಗ ನನಗ ಸೇರಿದ್ದು ಅದೊಂದೇ ಭಾಗ. ನಿನ್ನ ಹತ್ತೊಂಬತ್ತನೇ ನಿಯಮ ಓದಿ, ತಿಂದವರು ಬರದದ್ದು ಪಕ್ಷಪಾತ ಆಗ್ತದ ಅಂತ ಅಷ್ಟೂ ಕಿತ್ತು ಒಲಿಗೆ ಹಾಕಿದೆ. ಆಮ್ಯಾಲ ನೀ ನಗುತ ಬರದಿ, ಯಾರಿಗೂ ನಷ್ಟ ಇಲ್ಲ ಅಂತ. ಲಕೋಟಿ ತೆಗೀಲಿಲ್ಲ ಅಂದವ ರಜಿಸ್ಟರ್ ಮಾಡೂ ಮೊದಲೇ ತೆಗೆದು ನೋಡಿರಬೇಕು, ಅದು ಇಲ್ಲದ್ದು ತಿಳಿದಿರಬೇಕು, ಅದಕ್ಕ ಈ ಹೊಸ ಆಟ. ಆಯಿತು. ಆಟ ಆಡೂದಿದ್ರ ಪೂರಾ ಆಡೂಣು. ಉತ್ತರ ತಗೋ.

ನಂಬಿಕೆಯಂತ. ನಂಬಿಕೆ ಅಂತ ಬರದವ ನೀನೇ. ಎರಡು ಸಲ ನಮ್ಮ ಅಂಗಳದಾಗ ನಿಂತು ಹೋಗೀದಿ, ಯಾಕ ಅಂತ ಒಮ್ಮೆರ ಕೇಳಿದ್ದೇನು? ಒಂದು ಖೋಲಿಗೆ ಒಂದೇ ದಿನ ಕಡದ ಗೊನಿ ಇಡೂದಿಲ್ಲ. ಬಲತದ್ದು ಇರ್ತದ, ಜರಾ ಎಳೇದು ಇರ್ತದ. ಯಾವುದು ಗ್ವಾಡಿ ಕಡೆ, ಯಾವುದು ಹೊಗಿ ಕಡೆ, ಯಾವುದರ ಮ್ಯಾಲ ಎಷ್ಟು ಹುಲ್ಲು, ಇಟ್ಟವರ ಕೈಗಷ್ಟೇ ಗೊತ್ತು. ಅವರು ತೆಗೆದ್ರ ನೆಟ್ಟಗ ಮಾಗಿದ್ದಕ್ಕ ಕೈ ಹಾಕಿ, ತಗದು, ಕಾವು ಹೋಗೂ ಮೊದಲೇ ಬಾಗಿಲಾ ಹಾಕ್ತಾರ. ಬ್ಯಾರೆಯವರು ತೆಗೆದ್ರ ಹುಡುಕೂದ್ರಾಗ ಕಾವೆಲ್ಲ ಹೊರಗ, ಅರ್ಧ ಖೋಲಿ ಹಸೇದು ಉಳೀತದ. ಇದನ್ನ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ಮುಚ್ಚಿದವರೇ ತೆಗೀಬೇಕು ಅಂತಾರ, ಅಷ್ಟೇ. ನಾನೂ ಬರೀಲಿಲ್ಲ. ಉಪ್ಪು ಉಪ್ಪಗ ಇರ್ತದ ಅಂತ ಯಾರು ಬರೀತಾರ.

ಮುಚ್ಚಿದವರು ಕಾಯಿಲಿ ಬಿದ್ರ? ಹೋದ ವರ್ಷ ಮಳಿಗಾಲದಾಗ ಆಯಿ ಖೋಲಿ ಮುಚ್ಚಿ ಮರುದಿನ ಅಂಗಳದಾಗ ಜಾರಿ ಬಿದ್ದು ತೊಡಿ ಮುರಕೊಂಡಳು. ಕಲಬುರಗಿ ದವಾಖಾನಿಗೆ ಒಯ್ದೆವು. ನಿನಗ ಗೊತ್ತದ, ನೀ ಬಂದು ಅಕಿನ್ನ ನಗಿಸಿ ಹೋದಿ. ನಿನಗ ಗೊತ್ತಿಲ್ಲದ್ದು ಕೇಳು. ನಾಕೈದು ದಿನ ಖೋಲಿ ಮುಚ್ಚಿದ್ದು ಮುಚ್ಚೇ ಇತ್ತು. ಅಪ್ಪ ಬಾಗಿಲತನ ಹೋಗಿ ವಾಪಸ್ ಬಂದ. ಕಾಕಾ ವಾಸನಿ ನೋಡಿ ಇವತ್ತ ತೆಗೀದಿದ್ರ ಹೋತು ಅಂದ, ಆದ್ರ ಕೈ ಹಚ್ಚಲಿಲ್ಲ. ಆಪರೇಶನ್‌ಗೆ ಕರಕೊಂಡು ಹೋಗೂ ಮೊದಲು ಆಯಿ ನರ್ಸ್‌ಬಾಯಿ ಫೋನ್ ಇಸಗೊಂಡು ನನಗ ಹಚ್ಚಿದಳು. ಬಾಗಿಲಾ ತೆಗಿ ಅಂದಳು. ನಾ ಮುಚ್ಚಿಲ್ಲಲ್ಲ ಆಯಿ ಅಂದೆ. "ನಾ ಮಾತಾಡಾಕತ್ತೀನಲ್ಲ, ನನ್ನ ಕೈ ಅಂತ ತಿಳಕೊ" ಅಂದಳು.

ಮಣ್ಣು ಕೆತ್ತಿ ಒಳಗ ಹೋದೆ. ಕತ್ತಲ, ಬೆಚ್ಚಗ, ಹೊಗಿ ಮೂಗಿಗೆ ಹತ್ತಿತ್ತು. ಫೋನು ಕುಪ್ಪಸದಾಗ ಸಿಗಿಸಿಕೊಂಡಿದ್ದೆ, ಅಕಿ ದನಿ ನನ್ನ ಎದಿಯೊಳಗಿಂದ ಬರ್ಲಾಕತ್ತಿತ್ತು. ಎಡಗಡಿ ಮೂಲಿಗೆ ಹೋಗು. ಹುಲ್ಲಿನೊಳಗ ಕೈ ಹಾಕು. ಬೆಚ್ಚಗದೇನು, ಬಿಸಿ ಅದೇನು? ಬೆಚ್ಚಗದ ಆಯಿ. ಹಂಗಾರ ಅದು ಬ್ಯಾಡ, ಅದರ ಬಾಜೂದು. ಬಾಜೂದು ಬಿಸಿ ಇತ್ತು. ಒಂದು ಮುರಕೊಂಡು ತಿನ್ನು, ನಾ ಕೇಳ್ತೀನಿ ಅಂದಳು. ತಿಂದದ್ದನ್ನ ಹ್ಯಾಂಗ ಕೇಳ್ತಿ ಆಯಿ ಅಂದ್ರ, ನೀ ಎಷ್ಟೊತ್ತು ಮಾತಾಡಂಗಿಲ್ಲ ಅನ್ನೂದು ಕೇಳ್ತೀನಿ ಅಂದಳು.

ದಪ್ಪ ಸಿಪ್ಪಿ, ಒಳಗ ಕೆನಿ ಬಣ್ಣ. ಬಾಯಾಗ ಇಟ್ಟ ಕೂಡಲೇ ಹಣ್ಣು ಅನಸೂದಿಲ್ಲ. ಬೆಲ್ಲ ಕಾಸೂ ಮನಿ ಮುಂದ ಹಾದು ಹೋದಂಗ ಆಗ್ತದ, ಆಮ್ಯಾಲ ಜರಾ ಹೊಗಿ, ಆಮ್ಯಾಲ ಹಸಿ ಮಣ್ಣು, ಕಡೀಕ ಸಿಹಿ. ಎಲ್ಲಕ್ಕಿಂತ ತಡಾ ಮಾಡಿ ಬರೋ ಸಿಹಿ. ನಾ ಮಾತಾಡಲಿಲ್ಲ. ಆಯಿ ಆ ಕಡಿಂದ "ಆಗ್ಯದ" ಅಂದು ಫೋನು ಇಟ್ಟಳು.

ಇದು ಮನಿ ಮಾತು. ಸಂಶೋಧನಾ ಅಲ್ಲ. ಅದಕ್ಕ ಬರೀಲಿಲ್ಲ. ಈಗ ನಿನಗ ಯಾಕ ಬರದೆನೋ ಗೊತ್ತಿಲ್ಲ, ಸಿಟ್ಟಿನ್ಯಾಗ ಬಂತು.

ಸಿಕ್ಕಾಪಟ್ಟೆ ಪಕ್ಷಪಾತಿಯಾದ,
ಅಂಬಿಕಾ

*

ಕಮಲಾಪುರ
27 ಜೂನ್ 2025

ಪ್ರಬುದ್ಧಾ,

ನಿನ್ನ ಇಕ್ಬಾಲ್ ಬೇಗಂಗೆ ನಿನ್ನೆ ಉತ್ತರ ಹಾಕೀನಿ. ಮಲ್ಲುಗ ಹೇಳು, ಮುಟ್ಟಿದ ಕೂಡಲೇ ನಿನಗ ಓದಿ ಹೇಳ್ತಾನ. ಹೆಸರು ಮಾತ್ರ ಚಂದ ಆರಿಸಿದಿ.

ಅಂಬಿಕಾ

*

ಬ್ರಹ್ಮಪುರ
28 ಜೂನ್ 2025

ಅಕ್ಕಾ,

ಕಾಕಾ ಬಸ್ಸಿಗೆ ನಿಂತಾರ, ಬರೇ ಇಷ್ಟೇ ಬರೀಲಾಕ ಆಗ್ತದ. ನಾ ಯಾವ ಪತ್ರಾನೂ ಬರದಿಲ್ಲ. ಮಲ್ಲು ಪರೀಕ್ಷಾ ಮುಗಿಸಿ ಏಪ್ರಿಲ್‌ದಾಗೇ ಊರಿಗೆ ಬಂದಾನ. ಇಕ್ಬಾಲ್ ಬೇಗಂ ಖರೇ ಸಂಪಾದಕಿ, ಪತ್ರಿಕೆಯ ಎರಡನೇ ಪುಟದ ಮ್ಯಾಲ ಹೆಸರದ, ಈಗ ಕಣ್ಣಾರೆ ನೋಡಿ ಬಂದೀನಿ. ನೀ ಅವರಿಗೆ ಏನು ಬರದಿ? ಈ ಸಲ ಖರೇ ಹೇಳ್ಲಾಕತ್ತೀನಿ. ನಂಬು.

ಪ್ರಬುದ್ಧ

*

ಕಮಲಾಪುರ
30 ಜೂನ್ 2025

ನಾನು ಅವರಿಗೆ ‘ಉರ್ಫ್ ಪ್ರಬುದ್ಧ’ ಅಂದೀನಿ. ‘ನಾಚಿಕಿ ಬರಲಿಲ್ಲೇನು’ ಅಂದೀನಿ. ಶಾಣ್ಯಾ ಅಂದೀನಿ. ರುಚಿ ಭಾಗ ನಿನ್ನ ನಿಯಮಕ್ಕ ಹೆದರಿ ಒಲಿಗೆ ಹಾಕಿದ್ದೂ ಬರದೀನಿ. ಕುಪ್ಪಸದ ಮಾತೂ ಬರದೀನಿ, ಪ್ರಬುದ್ಧಾ.

ಮುಂಜಾನಿ ಪೋಸ್ಟಿಗೆ ಓಡಿದೆ, ಚೀಲ ಅವತ್ತೇ ಹೋಗಿಬಿಟ್ಟದ ಅಂದ್ರು. ಈ ಆಗಸ್ಟದಾಗೂ ಬರಿಗೈಲೆ ಹೋಗಿ ಕೂಡ್ತೀನಿ, ಅಷ್ಟೇ. ನೀ ಬರಬ್ಯಾಡ. ಬೆಂಚಿನ ಮ್ಯಾಲ ಕೂಡಬ್ಯಾಡ.

ಅಂಬಿಕಾ

*

ಬ್ರಹ್ಮಪುರ
1 ಜುಲೈ 2025

ಅಕ್ಕಾ,

ರುಚಿ ಭಾಗ ಒಲಿಗೆ ಹಾಕಿದ್ದು ನೀ ನನಗ ಆವಾಗೇ ಹೇಳಿದ್ರ ನಾ ಧಾರವಾಡಕ್ಕ ನಡಕೋತ ಹೋಗ್ತಿದ್ದೆ. ‘ರಸೀತಿ ಮುಟ್ಟಿತು’ ಅನ್ನೋ ಎರಡು ಶಬ್ದ ಓದಿ ನಾ ಬಂಡೆಮ್ಮ ಅತ್ತಿ ಬಗ್ಗೆ ಚೇಷ್ಟಾ ಬರದೆ. ಆ ಪತ್ರ ಇನ್ನೂ ಇಟ್ಟಿದ್ರ ಹರದು ಒಲಿಗೆ ಹಾಕು.

ಮಾಡೂದು ಮಾಡೀನಿ. ಏನು ಅಂತ ಕೇಳಬ್ಯಾಡ.

ಪ್ರಬುದ್ಧ

*

‘ಹೊಲಮನೆ’ ತ್ರೈಮಾಸಿಕ
ಧಾರವಾಡ
14 ಜುಲೈ 2025

ಶ್ರೀಮತಿ ಅಂಬಿಕಾ ಅವರಿಗೆ,

ನನ್ನ ಜೀವಮಾನದಲ್ಲಿ ನನ್ನನ್ನು ಯಾರೂ ಪ್ರಬುದ್ಧ ಎಂದು ಕರೆದಿರಲಿಲ್ಲ. ನಮ್ಮ ಯಜಮಾನರು ಅದನ್ನೇ ಹಿಡಿದುಕೊಂಡಿದ್ದಾರೆ.

ತಮ್ಮ ಉತ್ತರವನ್ನು ಸಂಪಾದಕ ಮಂಡಳಿಯಲ್ಲಿ ಗಟ್ಟಿಯಾಗಿ ಓದಲಾಯಿತು. ಯಾರೂ ಆಕಳಿಸಲಿಲ್ಲ. ಫೋನಿನ ಭಾಗ ಮುಗಿದ ಮೇಲೆ ಮಂಡಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಮ್ಮ ಆಯಿ ಅಲ್ಲಿ ಕೂತಿದ್ದರೆ ಅದನ್ನು ಕೇಳಿಸಿಕೊಳ್ಳುತ್ತಿದ್ದರು.

ಲೇಖನವನ್ನು ಸ್ವೀಕರಿಸಿದ್ದೇವೆ. ಒಂದು ಷರತ್ತು: ‘ಮುಚ್ಚಿದವರು ಕಾಯಿಲಿ ಬಿದ್ರ?’ ಎಂಬಲ್ಲಿಂದ ‘ಆಗ್ಯದ’ ಎಂಬಲ್ಲಿಯವರೆಗೆ ತಮ್ಮ ಪತ್ರದ ಭಾಗವನ್ನು, ತಮ್ಮದೇ ಮಾತಿನಲ್ಲಿ, ಒಂದು ಅಕ್ಷರವನ್ನೂ ಶಿಷ್ಟಗೊಳಿಸದೆ ಸೇರಿಸಬೇಕು. ಕುಪ್ಪಸದ ಮಾತನ್ನು ಬಿಡುವುದು, ಇಡುವುದು ತಮ್ಮ ಇಚ್ಛೆ. ನನ್ನ ಅಭಿಪ್ರಾಯ ಕೇಳಿದರೆ, ಇರಲಿ.

ಇನ್ನೊಂದು ವಿಷಯ. ಸಹಲೇಖಕ ಶ್ರೀ ಪ್ರಬುದ್ಧ ಅವರಿಂದ ಎಂಟು ಪುಟಗಳ ಪತ್ರವೊಂದು ಬಂದಿದೆ. ನಿಯಮ ಹತ್ತೊಂಬತ್ತು, ಇಪ್ಪತ್ತನ್ನು ಬರೆದವರು ತಾವೇ ಎಂದೂ, ತಪ್ಪೆಲ್ಲ ತಮ್ಮದೆಂದೂ, ಲೇಖನದಿಂದ ತಮ್ಮ ಹೆಸರನ್ನು ಕಿತ್ತುಹಾಕಿ ತಮ್ಮ ಅಕ್ಕನ ಹೆಸರನ್ನು ಉಳಿಸಬೇಕೆಂದೂ ಕೋರಿದ್ದಾರೆ. ಮಂಡಳಿ ಮೂರು ಕಡೆ ಆಕಳಿಸಿತು. ಪೆನ್ಸಿಲ್ಲಿನಲ್ಲಿ ಗುರುತಿಸಿ ಅವರಿಗೆ ಹಿಂದಿರುಗಿಸಿದ್ದೇವೆ. ಮೊದಲ ಲೇಖಕಿಯ ಲಿಖಿತ ಒಪ್ಪಿಗೆ ಇಲ್ಲದೆ ಯಾರ ಹೆಸರನ್ನೂ ತೆಗೆಯುವಂತಿಲ್ಲ. ಇದು ನಿಯಮ ಹನ್ನೊಂದು. ಇದು ನಿಜವಾದದ್ದು.

ನಿಯಮ ಇಪ್ಪತ್ತನ್ನು ಮುಂದಿನ ಸಂಚಿಕೆಯಿಂದ ಅಳವಡಿಸಿಕೊಳ್ಳುವ ಬಗ್ಗೆ ಚರ್ಚೆ ನಡೆದಿದೆ.

ಇಕ್ಬಾಲ್ ಬೇಗಂ

*

ಕಮಲಾಪುರ
18 ಜುಲೈ 2025

ಹುಚ್ಚಪ್ಪಾ,

ಹೆಸರು ತೆಗೀರಿ ಅಂತ ಬರೀಲಾಕ ನಿನಗ ಹೇಳಿದವರು ಯಾರು? ಒಪ್ಪಿಗಿ ಕೊಡಂಗಿಲ್ಲ ಅಂತ ಇವತ್ತೇ ಬರದು ಹಾಕೀನಿ. ‘ನಂಬಿಕೆ’ ಅನ್ನೋ ಸಾಲು ಮಾತ್ರ ತೆಗಸೀನಿ.

ಪತ್ರ ಬಂದಾಗ ನಾ ಸಾಲಿಯಾಗಿದ್ದೆ. ಏಳನೇ ಕ್ಲಾಸಿನ ಹುಡುಗ್ರ ಮುಂದೇ ಒಡದು ಓದಿದೆ. ಯಾಕ ಟೀಚರ್ ಕುಣೀಲಾಕತ್ತೀರಿ ಅಂದ್ರು. ಕುಣೀಲಾಕತ್ತಿಲ್ಲ, ಕಾಲು ಜೋಂ ಹಿಡದಾವ ಅಂದೆ. ಸಂಜಿಕಿ ಬಂಡೆಮ್ಮ ಅತ್ತಿ ಮನಿಗೆ ಹೋಗಿ ಅಕಿ ಕೈಯಿಂದೇ ಹಣ್ಣು ಇಸಗೊಂಡು ತಿಂದೆ. "ಇಲೆಕ್ಷನ್ ಏನಾತು?" ಅಂದಳು. ಗೆದ್ದೆ ಅಂದೆ.

ನಾಳಿನ ಬುಟ್ಟಿಯೊಳಗ ನಿನಗಂತ ನಾಕು ಹಣ್ಣು ಇಟ್ಟೀನಿ, ಧಾರವಾಡದವರು ನಕಲು ಮಾಡಿ ಕಳಿಸಿದ ನನ್ನ ಉತ್ತರಾನೂ ಇಟ್ಟೀನಿ, ಓದು.

ಅಂಬಿಕಾ

*

ಬ್ರಹ್ಮಪುರ
19 ಜುಲೈ 2025

ಅಕ್ಕಾ,

ಮೂರೇ ಇದ್ದವು. ನೀಲಕಂಠ ಕಾಕಾ ಅಂಚೆ ಪಗಾರ ಶುರು ಮಾಡ್ಯಾರ.

ರೋಜಾದಾಗ ನಿಂತೇ ಮೂರೂ ತಿಂದೆ. ಬೆಲ್ಲ, ಹೊಗಿ, ಮಣ್ಣು, ಸಿಹಿ, ನೀ ಬರದ ಸಾಲಿನ ಪ್ರಕಾರೇ ಬಂದವು. ಎರಡು ವರ್ಷದಿಂದ ನಿಮ್ಮ ಮನಿ ಹಣ್ಣು ತಿನ್ನಾಕತ್ತೀನಿ, ಬರೇ ಸಿಹಿ ಅಂತ ತಿಳದಿದ್ದೆ.

ಬೆಂಚಿನ ಮ್ಯಾಲ ಕೂಡಬ್ಯಾಡ ಅಂದಿದ್ದೆಲ್ಲ. ಆ ಆಜ್ಞೆ ಇನ್ನೂ ಜಾರಿಯಲ್ಲಿ ಇದೆಯೇ, ರದ್ದಾಗಿದೆಯೇ, ಲಿಖಿತವಾಗಿ ತಿಳಿಸುವುದು.

ಪ್ರಬುದ್ಧ

*

ಕಮಲಾಪುರ
22 ಆಗಸ್ಟ್ 2025

ಶ್ರೀಮಾನ್ ಪ್ರಬುದ್ಧ, ನಿಯಮಾವಳಿ ಆಯೋಗದ ಅಧ್ಯಕ್ಷರು, ಇವರಿಗೆ,

ನಿನ್ನೆ ಸಂದರ್ಶನ ಮುಗಿಸಿ ಹೊರಗ ಬಂದಾಗ ನೀ ಬೆಂಚಿನ ಮ್ಯಾಲ ಕೂತೇ ಇದ್ದಿ, ನನ್ನ ಮುಖ ನೋಡಿ ಎದ್ದು ನಿಂತಿ, ಆದ್ರ ಬಸ್ಸಿಗೆ ಹೊತ್ತಾಗಿತ್ತು, ಒಳಗಿಂದು ಏನೂ ಹೇಳಲಾಕ ಆಗಲಿಲ್ಲ. ಬರದೇ ಹೇಳಬೇಕು ಅಂತಾನೂ ಅನಿಸ್ತು.

"ಏನರೆ ಬರೆದೀರೇನಮ್ಮಾ?" ಅಂತ ಅದೇ ಸರ್ ಕೇಳಿದ್ರು. ಸಂಚಿಕೆ ಮುಂದಿಟ್ಟೆ. ಪುಟ ತಿರುವಿ, ಫೋನಿನ ಭಾಗ ಬಂದ ಕೂಡಲೇ ಕನ್ನಡಕ ತೆಗದ್ರು. ಐದು ಮಂದಿ ಕೂತಿದ್ರು, ಸಂಚಿಕೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಕಡೀಕ ಒಬ್ಬ ಮೇಡಂ ಈ ಎರಡನೇ ಹೆಸರು ಯಾರದು, ಇವರ ಕೆಲಸ ಇದರಾಗ ಏನು ಅಂದ್ರು. ತಡಾ ಮಾಡಲಿಲ್ಲ ನಾ. "ಇಂವ ಕೆಡಿಸದಿದ್ರ ಇದು ಇಷ್ಟು ಚಂದ ಆಗ್ತಿರಲಿಲ್ಲರೀ" ಅಂದೆ. ಸಂಶೋಧನಾ ವಿಷಯ ಇದೇ ಇರಲಿ, ಬೆಳೆಸಿರಿ ಅಂದ್ರು. ಇವತ್ತ ಮುಂಜಾನಿ ಪಟ್ಟಿ ಹಚ್ಯಾರಂತ, ಕಾಕಾ ಹೋಗಿ ನೋಡಿ ಫೋನು ಮಾಡಿದ. ಹೆಸರದ.

ನಿನಗ ಫೋನು ಮಾಡಬೇಕಂತ ಎರಡು ಸಲ ತೆಗದೆ. ಆದ್ರ ನನ್ನ ಕೈ ಮಣ್ಣಾಗಿತ್ತು. ಯಾಕಂದ್ರ ಇವತ್ತೇ ಖೋಲಿ ಮುಚ್ಚಿದೆವು. ತಪ್ಪು ಬರದೆ. ಮುಚ್ಚಿದೆ. ಆಯಿ ಅಂಗಳದಾಗ ಕುರ್ಚಿ ಹಾಕಿಕೊಂಡು ಕೂತಿದ್ದಳು, ಎಲ್ಲಿ ಏನು ಇಟ್ಟಿ ಅಂತ ಕೇಳಲಿಲ್ಲ. ಕಡೀ ಸಂದಿಗೆ ಮಣ್ಣು ಮೆತ್ತಿದ ಮ್ಯಾಲ ಅಷ್ಟೇ, ಇನ್ನ ಈ ಬಾಗಿಲಿಗೆ ನಾನೂ ಕೈ ಹಚ್ಚಂಗಿಲ್ಲ ನೋಡು ಅಂದಳು.

ಬರೂ ವಾರ ತೆಗೀತೀನಿ. ನೀ ಬಾ. ಮೊದಲನೇ ಹಣ್ಣು ತೆಗೆದವರು ತಿನ್ನಬೇಕು, ಅದು ಖೋಲಿ ನಿಯಮ. ಎರಡನೇದು ಆ ನಗೂ ಹುಡುಗಗ ಕೊಡು ಅಂದಾಳ ಆಯಿ. ಅಂಗಳದಾಗ ಅಲ್ಲ, ಒಳಗ ಕರಕೊಂಡು ಹೋಗಿ ಕೊಡು ಅಂದಾಳ. ತಿಂದು ಎಷ್ಟೊತ್ತು ಸುಮ್ಮ ಇರ್ತಾನ, ಅಕಿ ಹೊರಗ ಕೂತು ಕೇಳ್ತಾಳಂತ.

ಅಂಬಿಕಾ